ಅಮ್ಮನಿಗೆ ಮಾಂಗಾ ಓದಿ ಹೇಳಿದ ಕಥೆ

ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿ ಇಯರ್‌ಫೋನ್ ಹಾಕ್ಕೊಂಡವರಿಗೆ, ಪಾತ್ರೆ ತೊಳೀತಾ ಫೋನನ್ನ ಗೂಡಲ್ಲಿ ಇಟ್ಟವರಿಗೆ, ಓದ್ತೀನಿ ಅಂತ ರೂಮಿನ ಬಾಗಿಲು ಹಾಕ್ಕೊಂಡು ಇದನ್ನ ಕೇಳ್ತಿರೋವರಿಗೆ, ಎಲ್ಲರಿಗೂ ನಮಸ್ಕಾರ.

ನಾನು ಕರೂರಿನವಳು. ಬಳ್ಳಾರಿ ಜಿಲ್ಲೆ, ಸಿರುಗುಪ್ಪ ತಾಲ್ಲೂಕು. ನಮ್ಮ ತಾಲ್ಲೂಕು ಅಂದ್ರೆ ನೆಲ್ಲು. ಹಿಂದೆ ಎಲ್ಲಾದ್ರೂ ಟ್ರ್ಯಾಕ್ಟರ್ ಸದ್ದು ಕೇಳಿಸಿದ್ರೆ ಸ್ವಲ್ಪ ಹೊಂದ್ಕೊಳ್ಳಿ. ಮನೆಯೊಳಗೆ ಸಿಗ್ನಲ್ ಸರಿಯಾಗಿ ಸಿಗಲ್ಲ, ಹಾಗಾಗಿ ಮಾಳಿಗೆ ಮೇಲೆ ಕೂತು ರೆಕಾರ್ಡ್ ಮಾಡ್ತಿದ್ದೀನಿ. ನಾನು ಓದೋದೂ ಇಲ್ಲೇ. ರಾತ್ರಿ ಊಟ ಆದ ಮೇಲೆ, ದಿನದ ಒಂದೂವರೆ ಜಿಬಿಯಲ್ಲಿ ಉಳಿದಷ್ಟು ಡೇಟಾದಲ್ಲಿ.

ಏನು ಓದ್ತೀನಿ? ವೆಬ್‌ಟೂನ್, ಮಾಂಗಾ. ಅದರಲ್ಲೂ ಲವ್ ಸ್ಟೋರಿಗಳು. ನಮ್ಮ ಮನೇಲಿ ಇದಕ್ಕೆಲ್ಲ ಸೇರಿ ಒಂದೇ ಹೆಸರು, ‘ಗೊಂಬೆ ಪುಸ್ತಕ’. "ಡಿಗ್ರಿ ಮುಗಿಸಿ ಗೊಂಬೆ ಪುಸ್ತಕ ನೋಡ್ತಾಳೆ" ಅಂತ ನಮ್ಮ ಸೋದರತ್ತೆ ಊರಿಗೆಲ್ಲ ಹೇಳಿದ್ದಾಯ್ತು. ಇವತ್ತು ಆ ಗೊಂಬೆ ಪುಸ್ತಕದ ಬಗ್ಗೆ ನನಗೆ ಅನಿಸಿದ್ದನ್ನ ಹೇಳ್ತೀನಿ. ನಾನು ವಿಮರ್ಶಕಿ ಅಲ್ಲ, ಓದುಗಳು ಅಷ್ಟೆ. ಇದರ ಜೊತೆಗೆ ನಮ್ಮ ಮನೇಲಿ ನಡೆದ ಒಂದು ಸಂಗತಿಯನ್ನೂ ಹೇಳಬೇಕು.

ಶುರುವಾಗಿದ್ದು 2020ರಲ್ಲಿ, ಲಾಕ್‌ಡೌನ್ ಹೊತ್ತಲ್ಲಿ. ಬೆಂಗಳೂರಲ್ಲಿದ್ದ ಚಿಕ್ಕಮ್ಮನ ಮಗಳು ಊರಿಗೆ ಬಂದಿದ್ದಳು. ಅವಳ ಫೋನಲ್ಲಿ ‘ಟ್ರೂ ಬ್ಯೂಟಿ’ ಓದಿದೆ. ಕೊರಿಯಾದ ಯಾ ಒಂಗ್ ಯಿ 2018ರಲ್ಲಿ ಶುರು ಮಾಡಿದ ವೆಬ್‌ಟೂನ್ ಅದು. ಮುಖ ಚೆನ್ನಾಗಿಲ್ಲ ಅಂತ ಎಲ್ಲರೂ ಆಡಿಕೊಳ್ಳೋ ಹುಡುಗಿ, ಮೇಕಪ್ ಕಲಿತು ಹೊಸ ಸ್ಕೂಲಿಗೆ ಹೋಗ್ತಾಳೆ. ಬರೀ ಮುಖ ಯಾರಾದ್ರೂ ನೋಡಿಬಿಟ್ರೆ ಅನ್ನೋ ಭಯದಲ್ಲೇ ಬದುಕ್ತಾಳೆ. ನನಗೆ ಆಗ ಮುಖದ ತುಂಬ ಮೊಡವೆ. ಪಿಯುಸಿ ಫೋಟೋನ ಇವತ್ತಿಗೂ ಯಾರಿಗೂ ತೋರಿಸಲ್ಲ. ಒಂದೇ ರಾತ್ರಿಯಲ್ಲಿ ಇಪ್ಪತ್ತು ಎಪಿಸೋಡ್ ಓದಿದೆ. ಇಂಗ್ಲಿಷ್ ಅರ್ಧ ಅರ್ಥ ಆಗ್ತಿತ್ತು, ಉಳಿದರ್ಧ ಚಿತ್ರ ಹೇಳ್ತಿತ್ತು. ನನ್ನ ಇಂಗ್ಲಿಷ್ ಸುಧಾರಿಸಿದ್ದು ಕ್ಲಾಸಲ್ಲಿ ಅಲ್ಲ, ಆ ಮಾತಿನ ಗುಳ್ಳೆಗಳಲ್ಲಿ.

ಆಮೇಲೆ ‘ಕ್ರಾಸ್ ಕಾಮಿಕ್ಸ್’ ಅನ್ನೋ ಆ್ಯಪ್ ಸಿಕ್ಕಿತು. ಕೊರಿಯಾದ ವೆಬ್‌ಟೂನ್‌ಗಳು ಅದರಲ್ಲಿ ಹಿಂದಿ, ತೆಲುಗಲ್ಲಿ ಬರ್ತಿದ್ದವು. ಬಳ್ಳಾರಿ ಕಡೆಯವರಿಗೆ ತೆಲುಗು ಹೊಸದೇನಲ್ಲ. ನಮ್ಮ ಬೀದಿಯಲ್ಲಿ ಅರ್ಧ ಜಗಳ ಕನ್ನಡದಲ್ಲಿ ಶುರುವಾಗಿ ತೆಲುಗಲ್ಲಿ ಮುಗೀತದೆ. ಅಕ್ಷರವೂ ನಮ್ಮದಕ್ಕೆ ಹತ್ತಿರ. ಸಿನಿಮಾ ಪೋಸ್ಟರ್ ಓದಿ ಕಲಿತಿದ್ದ ತೆಲುಗಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಕೊನೆಗೆ ಆ ಆ್ಯಪೂ ಮುಚ್ಚಿಹೋಯಿತು.

ಗೊತ್ತಿಲ್ಲದವರಿಗೆ ಒಂದು ನಿಮಿಷ ಹೇಳಿಬಿಡ್ತೀನಿ. ವೆಬ್‌ಟೂನ್ ಅಂದ್ರೆ ಫೋನಿಗಾಗಿಯೇ ಬರೆದ ಕಾಮಿಕ್ಸ್. ಪುಟ ಇಲ್ಲ. ಮೇಲಿಂದ ಕೆಳಗೆ ಬೆರಳಲ್ಲಿ ಎಳೀತಾ ಹೋಗೋದು. ಕೊರಿಯಾದ ನೇವರ್ ಕಂಪನಿ 2004ರಲ್ಲಿ ಶುರು ಮಾಡಿತು, 2014ರಲ್ಲಿ ಇಂಗ್ಲಿಷಿಗೆ ಬಂತು. ಮಾಂಗಾ ಅಂದ್ರೆ ಜಪಾನಿನದು. ಹೆಚ್ಚಾಗಿ ಕಪ್ಪು ಬಿಳುಪು, ಮೊದಲು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕ ಆಗ್ತದೆ. ಓದೋದು ಬಲದಿಂದ ಎಡಕ್ಕೆ. ಇದು ಗೊತ್ತಿಲ್ಲದೆ ನಾನು ಮೊದಲನೇ ಮಾಂಗಾನ ಎಡದಿಂದ ಓದಿ, ಇವರ್ಯಾಕೆ ಮೊದಲು ಉತ್ತರ ಹೇಳಿ ಆಮೇಲೆ ಪ್ರಶ್ನೆ ಕೇಳ್ತಾರೆ ಅಂತ ಅರ್ಧ ಅಧ್ಯಾಯ ತಲೆ ಕೆಡಿಸ್ಕೊಂಡಿದ್ದೆ.

ಎರಡರಲ್ಲಿ ಯಾವುದು ಚೆಂದ ಅಂತ ಕೇಳಿದ್ರೆ, ಕಾಯಿಸೋದರಲ್ಲಿ ವೆಬ್‌ಟೂನ್ ಗಟ್ಟಿ. ಹುಡುಗ ಏನೋ ಹೇಳೋಕೆ ಬಾಯಿ ತೆರೀತಾನೆ, ಕೆಳಗೆ ಬರೀ ಖಾಲಿ ಜಾಗ. ಎಳೀತೀರಿ, ಖಾಲಿ. ಮತ್ತೆ ಎಳೀತೀರಿ, ಇನ್ನೂ ಖಾಲಿ. ನಿಮ್ಮ ಬೆರಳಿಗೂ ಎದೆ ಬಡಿತ ಬಂದುಬಿಡ್ತದೆ. ಮಾಂಗಾದಲ್ಲಿ ಹಾಗಲ್ಲ. ಒಂದು ಪುಟ ಪೂರ್ತಿ ಒಂದೇ ಸಲ ಕಣ್ಣಿಗೆ ಬೀಳ್ತದೆ. ಅವಳ ಕಣ್ಣು, ಅವನ ಕೈ, ಕಿಟಕಿ ಆಚೆ ಮಳೆ, ಎಲ್ಲ ಒಟ್ಟಿಗೆ. ನೀವೇ ನಿಧಾನ ಮಾಡ್ಕೊಂಡು ನೋಡಬೇಕು. ಕಥೆ ಮುಂದಕ್ಕೆ ಓಡಿಸೋಕೆ ವೆಬ್‌ಟೂನ್, ಮನಸ್ಸಿನ ಒಳಗೆ ಹೋಗೋಕೆ ಮಾಂಗಾ. ನನ್ನ ಅಭಿಪ್ರಾಯ ಇದು. ಬೇರೆ ಅನಿಸಿದ್ರೆ ಜಗಳಕ್ಕೆ ಬನ್ನಿ.

ಈಗ ಬೈಗುಳದ ಭಾಗ.

ಲವ್ ಕಾಮಿಕ್ಸಲ್ಲಿ ನನಗೆ ಮೈ ಉರಿಯೋದು ಒಂದಿದೆ, ಮಣಿಕಟ್ಟು ಹಿಡಿದು ಎಳ್ಕೊಂಡು ಹೋಗೋ ಹೀರೋ. ಶ್ರೀಮಂತ, ಆರಡಿ ಎತ್ತರ, ಯಾರ ಜೊತೆಗೂ ಮಾತಾಡಲ್ಲ, ಅವಳೊಬ್ಬಳ ಮೇಲೆ ಮಾತ್ರ ಕೂಗಾಡ್ತಾನೆ. ಅದೇ ಪ್ರೀತಿ ಅಂತೆ. ಯೋಕೊ ಕಾಮಿಯೊ 1992ರಲ್ಲಿ ಶುರು ಮಾಡಿದ ‘ಬಾಯ್ಸ್ ಓವರ್ ಫ್ಲವರ್ಸ್’ ಈ ವಂಶದ ದೊಡ್ಡಜ್ಜ. ಅದರಲ್ಲಿ ನಾಯಕಿ ತಿರುಗಿ ಬಾರಿಸ್ತಾಳೆ, ಅದಕ್ಕೇ ಆ ಕಥೆ ಉಳೀತು. ಆದರೆ ಅದನ್ನ ನೋಡಿ ಬರೆದವರು ಬಾರಿಸೋದನ್ನ ಮರೆತು, ಎಳೆಯೋದನ್ನ ಮಾತ್ರ ಇಟ್ಕೊಂಡರು. ನಮ್ಮೂರ ಬಸ್‌ಸ್ಟ್ಯಾಂಡಲ್ಲಿ ಒಬ್ಬ ಹಾಗೆ ಕೈ ಹಿಡಿದು ಎಳೆದ್ರೆ ನಾವು ಅದನ್ನ ರೊಮ್ಯಾನ್ಸ್ ಅಂತೀವಾ? ಹಿನ್ನೆಲೆಗೆ ಹೂವಿನ ಚಿತ್ರ ಹಾಕಿದ ಮಾತ್ರಕ್ಕೆ ತಪ್ಪು ಸರಿ ಆಗಲ್ಲ.

ಇನ್ನೊಂದು ದೂರು, ಎಳೆಯೋದು. ಈ ಸಲ ಕೈ ಅಲ್ಲ, ಕಥೆ. ಜನ ಓದ್ತಿದ್ದಾರೆ ಅಂತ ಮೂರನೇ ವ್ಯಕ್ತಿ ತರೋದು, ನಾಲ್ಕನೇ ವ್ಯಕ್ತಿ ತರೋದು. ‘ಟ್ರೂ ಬ್ಯೂಟಿ’ ಕೂಡ ಕೊನೆ ಕೊನೆಗೆ ನಮ್ಮ ಟೀವಿ ಸೀರಿಯಲ್ ಥರ ಆಯ್ತು. 2023ರಲ್ಲಿ ಮುಗಿದಾಗ ನನಗೆ ಬೇಜಾರಿಗಿಂತ ನಿರಾಳ ಅನಿಸಿತು.

ಹಾಗಾದ್ರೆ ಇಷ್ಟ ಆಗಿದ್ದು? ನಾಲ್ಕು ಹೆಸರು ಹೇಳ್ತೀನಿ.

ಒಂದು, ‘ಕಿಮಿ ನಿ ತೊದೊಕೆ’. ಕರುಹೊ ಶೀನಾ ಅವರದು, 30 ಸಂಪುಟ. ಉದ್ದ ಕೂದಲು, ಮಂಕು ಮುಖ ಅಂತ ಕ್ಲಾಸೆಲ್ಲ ದೆವ್ವ ಅನ್ನೋ ಹಾಗೆ ನೋಡೋ ಹುಡುಗಿ ಸವಾಕೊ. ಇಲ್ಲಿ ಪ್ರೀತಿಗಿಂತ ಮೊದಲು ಗೆಳತಿಯರು ಸಿಗ್ತಾರೆ. ಅವಳು ಅವರನ್ನ ಫ್ರೆಂಡ್ಸ್ ಅಂತ ಕರೀಬಹುದಾ ಅಂತ ಒದ್ದಾಡೋ ಭಾಗ ಓದಿ ನಾನು ಅತ್ತಿದ್ದೀನಿ.

ಎರಡು, ‘ಹೋರಿಮಿಯಾ’. ಹೀರೋ ಅನ್ನೋ ಹೆಸರಿನ ಕಲಾವಿದರು 2007ರಲ್ಲಿ ತಮ್ಮದೇ ವೆಬ್‌ಸೈಟಲ್ಲಿ ಹಾಕ್ತಿದ್ದ ಕಾಮಿಕ್ಸ್ ಅದು. ಆಮೇಲೆ ದೈಸುಕೆ ಹಗಿವಾರಾ ಅದನ್ನ 2011ರಿಂದ ಮತ್ತೆ ಚಿತ್ರಿಸಿದರು. ನಾಯಕಿ ಹೋರಿ ಸ್ಕೂಲಲ್ಲಿ ಮಿಂಚೋ ಹುಡುಗಿ, ಮನೆಗೆ ಬಂದ್ರೆ ಅಡುಗೆ, ಬಟ್ಟೆ, ತಮ್ಮನ ಹೋಂವರ್ಕ್. ಕೂದಲು ಎತ್ತಿ ಕಟ್ಟಿ ಪೊರಕೆ ಹಿಡೀತಾಳೆ. ಇಂಥವರು ನಮ್ಮ ಬೀದಿಯಲ್ಲೇ ಹತ್ತು ಜನ ಇದ್ದಾರೆ. ಈ ಕಥೆಯಲ್ಲಿ ಇಬ್ಬರೂ ಬೇಗ ಒಂದಾಗ್ತಾರೆ. ಆಮೇಲಿನ ದಿನಗಳೇ ಕಥೆ.

ಮೂರು, ‘ಎ ಸೈನ್ ಆಫ್ ಅಫೆಕ್ಷನ್’. ಸೂ ಮೊರಿಶಿತಾ ಅನ್ನೋ ಹೆಸರಲ್ಲಿ ಇಬ್ಬರು ಸೇರಿ ಮಾಡೋ ಮಾಂಗಾ, 2019ರಲ್ಲಿ ಶುರುವಾಯ್ತು. ನಾಯಕಿ ಯೂಕಿಗೆ ಕಿವಿ ಕೇಳಲ್ಲ. ಅವಳ ಜೊತೆ ಮಾತಾಡಬೇಕು ಅಂತ ಹುಡುಗ ಸನ್ನೆ ಭಾಷೆ ಕಲೀತಾನೆ.

ನಾಲ್ಕು, ನನ್ನ ಪ್ರಾಣ, ‘ಸ್ಕಿಪ್ ಅಂಡ್ ಲೋಫರ್’. ಮಿಸಾಕಿ ತಕಮಾತ್ಸು ಅವರದು. ಇಶಿಕಾವಾ ಅನ್ನೋ ಕಡಲ ಸೀಮೆಯ ಹಳ್ಳಿಯಿಂದ ಮಿತ್ಸುಮಿ ಅನ್ನೋ ಹುಡುಗಿ ಟೋಕಿಯೋ ಸ್ಕೂಲಿಗೆ ಬರ್ತಾಳೆ. ದೊಡ್ಡ ಅಧಿಕಾರಿ ಆಗಿ, ಜನ ಬಿಟ್ಟು ಹೋಗ್ತಿರೋ ತನ್ನಂಥ ಊರುಗಳನ್ನ ಉಳಿಸ್ತೀನಿ ಅಂತ ಪ್ಲಾನ್ ಹಾಕ್ಕೊಂಡಿದ್ದಾಳೆ. ಮೊದಲನೇ ದಿನವೇ ರೈಲ್ವೆ ಸ್ಟೇಷನ್ನಲ್ಲಿ ದಾರಿ ತಪ್ತಾಳೆ. ನಾನು ಕಾಲೇಜಿನ ಮೊದಲ ದಿನ ಬಳ್ಳಾರಿಯಲ್ಲಿ ತಪ್ಪು ಸಿಟಿ ಬಸ್ ಹತ್ತಿ, ಎಲ್ಲಿಳೀಬೇಕು ಅಂತ ಕೇಳೋಕೂ ನಾಚ್ಕೊಂಡು ಕೊನೇ ಸ್ಟಾಪ್‌ವರೆಗೂ ಹೋದವಳು. ಇದಕ್ಕೆ 2023ರಲ್ಲಿ ಕೊಡಾನ್ಶಾ ಮಾಂಗಾ ಪ್ರಶಸ್ತಿ ಬಂತು. ಹಳ್ಳಿ ಹುಡುಗಿ ಅಂದ ತಕ್ಷಣ ಪೆದ್ದಿ ಅಂತ ತೋರಿಸದ ಕಥೆ ಬೇಕಾದವರು ಇದನ್ನ ಓದಿ.

ಈಗ ಅಮ್ಮನ ವಿಷಯ.

ಹೋದ ವರ್ಷ ನಾಟಿ ಟೈಮಲ್ಲಿ ಅಮ್ಮ ರಾತ್ರಿ ಮಂಡಿಗೆ ಎಣ್ಣೆ ಹಚ್ಕೊಳ್ತಾ ನನ್ನ ಪಕ್ಕ ಕೂತಳು. ಫೋನಲ್ಲಿ ಬಗ್ಗಿ ನೋಡಿ, "ಆ ಹುಡುಗಿ ಯಾಕೆ ಅಳ್ತೈತೆ?" ಅಂದಳು. ಹೇಳಿದೆ. "ಮುಂದೆ?" ಅಂದಳು. ಮುಂದಿನದೂ ಹೇಳಿದೆ. ಮಾರನೇ ದಿನ ರಾತ್ರಿ ತಾನಾಗೇ ಬಂದು, "ಎಲ್ಲಿಗೆ ಬಂತಮ್ಮಾ ಆ ಕಥಿ?" ಅಂತ ಕೇಳಿದಳು. ಅವತ್ತಿಂದ ನಾನು ಅಮ್ಮನಿಗೆ ಮಾಂಗಾ ಓದಿ ಹೇಳೋಕೆ ಶುರು ಮಾಡಿದೆ. ಇಂಗ್ಲಿಷ್ ನೋಡ್ಕೊಂಡು, ಬಾಯಲ್ಲಿ ನಮ್ಮ ಕನ್ನಡ.

ಹಾಗೆ ಹೇಳ್ತಾ ಎರಡು ವಿಷಯ ಗೊತ್ತಾಯ್ತು. ಮೊದಲನೇದು, ಜಪಾನೀ ಮಾಂಗಾಕ್ಕೆ ಇಂಗ್ಲಿಷಿಗಿಂತ ಕನ್ನಡ ಚೆನ್ನಾಗಿ ಹೊಂದ್ತದೆ. ಜಪಾನಿಯಲ್ಲಿ ಎದೆ ‘ದೋಕಿ ದೋಕಿ’ ಅಂತದೆ. ಇಂಗ್ಲಿಷಿಗೆ ಅದು ಒಗ್ಗಲ್ಲ. ನಮಗೆ ‘ಡವಡವ’ ಇದೆಯಲ್ಲ! ಹೊಳೆಯೋದಕ್ಕೆ ಅವರು ‘ಕಿರಾ ಕಿರಾ’ ಅಂದ್ರೆ ನಾವು ‘ಫಳಫಳ’. ಮಾತಿಗೆ ಅವರದು ‘ಪೆರಾ ಪೆರಾ’, ನಮ್ಮದು ‘ಪಟಪಟ’. ಸದ್ದೇ ಇಲ್ಲದ ಮೌನಕ್ಕೂ ಜಪಾನಿಯಲ್ಲಿ ಒಂದು ಸದ್ದಿದೆ, ‘ಶೀನ್’ ಅಂತ. ಅದನ್ನ ಏನಂತ ಹೇಳೋದು ಅಂತ ತಡಕಾಡ್ತಿದ್ದೆ. ಅಮ್ಮ ಚಿತ್ರ ನೋಡಿ, "ಬಿಕೋ ಅಂತೈತೆ" ಅಂದಳು. ಮುಗೀತು.

ಎರಡನೇದು, ಅಮ್ಮ ಕೇಳಿದ ಪ್ರಶ್ನೆ. ‘ಹೋರಿಮಿಯಾ’ ಹೇಳ್ತಿದ್ದೆ. ನಡುವೆ ನಿಲ್ಲಿಸಿ, "ಅವಳು ಅವನಿಗೆ ನೀನು ಅಂತಾಳಾ, ನೀವು ಅಂತಾಳಾ?" ಅಂದಳು. ಇಂಗ್ಲಿಷಲ್ಲಿ ಎರಡಕ್ಕೂ ಒಂದೇ ಮಾತು, ನಾನು ಯೋಚನೆನೇ ಮಾಡಿರಲಿಲ್ಲ. ಆದರೆ ಜಪಾನಿನವರಿಗೆ ಇದೇ ದೊಡ್ಡ ವಿಷಯ. ಮನೆತನದ ಹೆಸರಿಂದ ಕರೀತಿದ್ದವರು ಸ್ವಂತ ಹೆಸರಿಗೆ ಬರೋದು, ಹೆಸರಿನ ಮುಂದಿನ ‘ಸಾನ್’ ಬಿಡೋದು, ಇದಕ್ಕೇ ಒಂದೊಂದು ಅಧ್ಯಾಯ ಹೋಗ್ತದೆ. ನಮ್ಮಲ್ಲೂ ಹಾಗೇ ತಾನೇ? ‘ರೀ’ ಬಿದ್ದು ಹೋಗೋ ದಿನ ಏನೋ ಬದಲಾಗಿರ್ತದೆ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟ ನಮ್ಮಮ್ಮ ಇದನ್ನ ನನಗಿಂತ ಮೊದಲು ಹಿಡಿದಳು.

ಯಾಕೆ ಹಿಡಿದಳು ಅಂತ ಆಮೇಲೆ ಗೊತ್ತಾಯ್ತು. ಅಮ್ಮ ಮದುವೆಗೆ ಮುಂಚೆ ಲೈಬ್ರರಿಯಿಂದ ತರಿಸಿ ತ್ರಿವೇಣಿ, ಸಾಯಿಸುತೆ ಓದ್ತಿದ್ದಳಂತೆ. ಯಂಡಮೂರಿ ವೀರೇಂದ್ರನಾಥರ ಕಾದಂಬರಿ ಕನ್ನಡಕ್ಕೆ ಬಂದಿದ್ದನ್ನ ಅಕ್ಕಪಕ್ಕದ ಮನೆಯವರು ಸರದಿ ಮೇಲೆ ಓದ್ತಿದ್ದರಂತೆ. ‘ಸುಧಾ’ ವಾರಪತ್ರಿಕೆಯ ಧಾರಾವಾಹಿಗೆ ವಾರ ಪೂರ್ತಿ ಕಾಯ್ತಿದ್ದರಂತೆ. ಅದರಲ್ಲೇ ಫ್ಯಾಂಟಮ್ ಕಾಮಿಕ್ಸ್ ಕೂಡ ಬರ್ತಿತ್ತು. ನಾನು ಗುರುವಾರದ ಎಪಿಸೋಡಿಗೆ ಕಾಯೋದಕ್ಕೂ ಅದಕ್ಕೂ ಏನು ವ್ಯತ್ಯಾಸ? ಇದನ್ನೆಲ್ಲ ಅಮ್ಮ ನನಗೆ ಇಪ್ಪತ್ತೆರಡು ವರ್ಷ ಹೇಳಿರಲಿಲ್ಲ. "ನೀನು ಕೇಳಿದ್ದಿಲ್ಲ ಬಿಡು" ಅಂದಳು.

ದೀಪಾವಳಿ ಆದ ಮೇಲೆ ನನಗೊಂದು ಸಂಬಂಧ ಬಂತು. ಹುಡುಗನಿಗೆ ಒಳ್ಳೆ ಕೆಲಸ, ನೋಡೋಕೂ ಚೆನ್ನಾಗಿದ್ದ. ಚಹಾ ಕೊಟ್ಟೆ. ನಮ್ಮಿಬ್ಬರನ್ನ ಹತ್ತು ನಿಮಿಷ ಮಾತಾಡೋಕೆ ಬಿಟ್ಟರು. ಅಡುಗೆಮನೆ ಬಾಗಿಲಲ್ಲಿ ಅಮ್ಮ. ಹುಡುಗ ತನ್ನ ಕೆಲಸ, ಕಟ್ಟಿಸ್ತಿರೋ ಮನೆ, ತಗೋಬೇಕು ಅಂದ್ಕೊಂಡಿರೋ ಕಾರು, ಎಲ್ಲ ಹೇಳಿದ. ಕೆಟ್ಟದ್ದು ಏನೂ ಹೇಳಲಿಲ್ಲ. ಹೋದ ಮೇಲೆ ಎಲ್ಲರಿಗೂ ಖುಷಿ. ಅಪ್ಪ ಅವಾಗಲೇ ತಿಂಗಳು ಲೆಕ್ಕ ಹಾಕ್ತಿದ್ದ.

ರಾತ್ರಿ ಅಮ್ಮ ಮಾಳಿಗೆಗೆ ಬಂದಳು. "ಆ ಕಿವಿ ಕೇಳದ ಹುಡುಗಿ ಕಥಿಯೊಳಗೆ ಅವನು ಅಷ್ಟು ಕೇಳ್ತಾನೆ. ಇವನು ನಿನ್ನ ಏನೂ ಕೇಳಲಿಲ್ಲಲ್ಲಮ್ಮಾ" ಅಂದಳು.

ನಾನೂ ಅದನ್ನೇ ಯೋಚಿಸ್ತಾ ಕೂತಿದ್ದೆ. ಅಪ್ಪನಿಗೆ ವಿಷಯ ಹೋದಾಗ ಮನೇಲಿ ದೊಡ್ಡ ಜಗಳ. "ಗೊಂಬೆ ಪುಸ್ತಕ ನೋಡಿ ಸಂಬಂಧ ಬಿಡ್ತಾರೇನು? ತಾಯಿ ಮಗಳು ಇಬ್ಬರಿಗೂ ತಲೆ ಕೆಟ್ಟೈತೆ" ಅಂದ. ಸೋದರತ್ತೆಯಂತೂ ಬಿಡಿ, ಫೋನ್ ಒಡೆದು ಹಾಕ್ರಿ ಅಂದಳು.

ಆಗ ನಾನು ಅಪ್ಪನ ಮಾತನ್ನ ಸೀರಿಯಸ್ಸಾಗಿ ತಗೊಂಡೆ. ಯಾಕಂದ್ರೆ ಅದರಲ್ಲಿ ಸ್ವಲ್ಪ ನಿಜ ಇದೆ. ಈ ಕಥೆಗಳು ನಮಗೆ ಸುಳ್ಳು ಆಸೆ ಹುಟ್ಟಿಸ್ತವಾ? ಹುಟ್ಟಿಸ್ತವೆ. ಆರಡಿ ಎತ್ತರ ಸುಳ್ಳು. ಮಳೆಯಲ್ಲಿ ಸರಿಯಾದ ಟೈಮಿಗೆ ಕೊಡೆ ಹಿಡ್ಕೊಂಡು ಬರೋದು ಸುಳ್ಳು. ನಿಮ್ಮ ಮನಸ್ಸಲ್ಲಿರೋದು ನೀವು ಹೇಳದೇನೇ ಅವನಿಗೆ ಗೊತ್ತಾಗೋದು ದೊಡ್ಡ ಸುಳ್ಳು. ಆದರೆ ‘ನಿನ್ನ ಬಗ್ಗೆ ಹೇಳು’ ಅಂತ ಕೇಳೋದು? ಅದಕ್ಕೆ ದುಡ್ಡೂ ಬೇಡ, ಎತ್ತರವೂ ಬೇಡ. ಅದು ಜಾಸ್ತಿ ಆಸೆ ಅಂತ ನನಗೆ ಅನಿಸಲಿಲ್ಲ.

ಇನ್ನೊಂದು ಕಡೆಯಿಂದಲೂ ಯೋಚಿಸಿದೆ. ‘ಕಿಮಿ ನಿ ತೊದೊಕೆ’ಯಲ್ಲಿ ಇಬ್ಬರೂ ಬಾಯಿ ಬಿಡದೆ ಎಷ್ಟೋ ಸಂಪುಟ ಕಳೀತಾರೆ. ಅವರಿಗೆ ಅಷ್ಟು ಸಮಯ ಕೊಟ್ಟ ನಾನು, ಅಪರಿಚಿತರ ಮನೇಲಿ ಹತ್ತು ಜನರ ಮಧ್ಯೆ ಕೂತ ಈ ಹುಡುಗನಿಗೆ ಬರೀ ಹತ್ತು ನಿಮಿಷ ಕೊಟ್ಟು ತೀರ್ಪು ಹೇಳಿದ್ರೆ ನ್ಯಾಯ ಅಲ್ಲ. ಗಾಬರಿಗೆ ಪಟಪಟ ಅಂತ ಮಾತಾಡಿರಬಹುದು. ಅದಕ್ಕೇ ಅಪ್ಪನಿಗೆ, ಇನ್ನೊಂದ್ಸಲ ಫೋನಲ್ಲಿ ಮಾತಾಡ್ತೀನಿ ಅಂದೆ. ಎರಡು ದಿನ ಗೊಣಗಿ ಅಪ್ಪ ಒಪ್ಪಿದ.

ಮಾತಾಡಿದ್ವಿ. ಈ ಸಲ ಅವನು ಊಟ ಆಯ್ತಾ ಅಂತ ಕೇಳಿದ, ಏನು ಇಷ್ಟ ಅಂತ ಕೇಳಿದ. ಒಳ್ಳೆಯವನೇ. ನಾನೂ ಒಂದು ಪ್ರಶ್ನೆ ಕೇಳಿದೆ. "ನನ್ನ ಬಿ.ಎಡ್ ಇನ್ನೂ ಒಂದು ವರ್ಷ ಇದೆ. ಮದುವೆ ಆದ ಮೇಲೆ ಮುಗಿಸಬಹುದಾ?" ಸ್ವಲ್ಪ ಹೊತ್ತು ಸುಮ್ಮನಿದ್ದ. ಬಿಕೋ. ಆಮೇಲೆ, "ಮನೇಲಿ ಕೇಳಿ ಹೇಳ್ತೀನಿ" ಅಂದ.

ಫೋನ್ ಮತ್ತೆ ಬರಲಿಲ್ಲ. ಒಂದು ತಿಂಗಳು ಕಾದು ಅಪ್ಪ ತಾನೇ ಆ ಮಾತು ಬಿಟ್ಟ. ಅಮ್ಮ ಅವತ್ತು ತ್ರಿವೇಣಿಯವರ ‘ಬೆಳ್ಳಿ ಮೋಡ’ದ ಕಥೆ ಹೇಳಿದಳು. ಹುಡುಗಿಗೆ ತಮ್ಮ ಹುಟ್ಟಿದ, ಇನ್ನು ಆಸ್ತಿ ಪೂರ್ತಿ ಸಿಗಲ್ಲ ಅಂತ ಗೊತ್ತಾದ ಮೇಲೆ ದೂರ ಸರಿಯೋ ಹುಡುಗ, ಕೊನೆಗೆ ಪ್ರೀತಿ ಮೂಡಿ ವಾಪಸ್ ಬಂದಾಗ ಅವಳೇ ಬೇಡ ಅಂತಾಳೆ. "ಅವಳು ಬೇಡ ಅಂದಾಗ ನಮಗೆಲ್ಲ ಎದಿ ಡವಡವ ಅಂದಿತ್ತು" ಅಂದಳು. ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ. ಅಂದ್ರೆ ಬೇಡ ಅನ್ನೋ ನಾಯಕಿಯನ್ನ ನಾವು ಕೊರಿಯಾ, ಜಪಾನಿನಿಂದ ತರಿಸಬೇಕಾಗೇ ಇರಲಿಲ್ಲ. ಅಮ್ಮನ ಹತ್ರಾನೇ ಇದ್ದಳು.

ಮುಗಿಸೋ ಮುಂಚೆ ನನ್ನದೂ ಒಂದು ತಪ್ಪು ಒಪ್ಕೋಬೇಕು. ಮೊದಲ ಎರಡು ವರ್ಷ ನಾನು ಓದಿದ್ದೆಲ್ಲ ಕದ್ದ ಸೈಟಲ್ಲಿ. ಯಾರೋ ಸ್ಕ್ಯಾನ್ ಮಾಡಿ ಹಾಕಿದ್ದು, ತುಂಬ ಕೆಟ್ಟ ಜಾಹೀರಾತು. ಫ್ರೀ ಸಿಗ್ತದೆ ಅಂತ ಓದ್ತಿದ್ದೆ. ವಾರಕ್ಕೊಂದು ಎಪಿಸೋಡ್, ಒಂದೊಂದಕ್ಕೆ ಹತ್ತಾರು ಚಿತ್ರ, ಪೂರ್ತಿ ಬಣ್ಣ. ಎಷ್ಟೋ ಕಲಾವಿದರು ಮಣಿಕಟ್ಟು ನೋವು, ಆರೋಗ್ಯ ಸರಿ ಇಲ್ಲ ಅಂತ ನಡುವೆ ರಜೆ ಹಾಕ್ತಾರೆ. ಗದ್ದೆಯಲ್ಲಿ ಬಗ್ಗಿ ಬಗ್ಗಿ ನಾಟಿ ಮಾಡಿ ಬಂದ ಅಮ್ಮನ ಮಂಡಿ ದಿನಾ ನೋಡೋಳು ನಾನು, ಕೂಲಿ ಕೊಡದೆ ದುಡಿಸ್ಕೊಂಡ ಹಾಗೆ ಅನಿಸಿತು. ಈಗ ವೆಬ್‌ಟೂನ್ ಆ್ಯಪಲ್ಲಿ ಫ್ರೀ ಇರೋದನ್ನ ಕಾದು ಓದ್ತೀನಿ. ಶುಯೇಶಾ ಕಂಪನಿಯ ‘ಮಾಂಗಾ ಪ್ಲಸ್’ 2019ರಿಂದ ಇದೆ. ಅದರಲ್ಲಿ ಹೆಚ್ಚಿನ ಕಥೆಗಳ ಮೊದಲ ಹಾಗೂ ಹೊಸ ಅಧ್ಯಾಯಗಳು ಪುಕ್ಕಟೆ.

ಆದರೆ ಅವರಿಗೂ ಒಂದು ಮಾತು. ಆ ಆ್ಯಪ್‌ಗಳಲ್ಲಿ ಥಾಯ್ ಇದೆ, ಇಂಡೊನೇಷ್ಯಾದ ಭಾಷೆ ಇದೆ. ಕನ್ನಡ ಎಲ್ಲಿ? ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕ ಬಂದಿದ್ದೇ ಕನ್ನಡದಲ್ಲಿ, ಸಿಂಡ್ರೆಲಾ ಥರದ ವಿದೇಶಿ ಕಥೆಗಳು. ಇಂಗ್ಲಿಷಿನ ಪಟ್ಟಿ ಹನ್ನೊಂದನೇ ನಂಬರಿನ ‘ಕೃಷ್ಣ’ದಿಂದ ಶುರುವಾಗ್ತದೆ. ಅದನ್ನ ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು. ಬೆಂಗಳೂರಿನ ಪ್ರತಿಲಿಪಿಯಲ್ಲಿ ಇವತ್ತಿಗೂ ಎಷ್ಟೊಂದು ಹೆಣ್ಣುಮಕ್ಕಳು ಕನ್ನಡದಲ್ಲಿ ಪ್ರೇಮಕಥೆ ಬರೀತಿದ್ದಾರೆ, ಕಂತು ಕಂತಾಗಿ. ಬರೆಯೋರಿದ್ದಾರೆ, ಓದೋರಿದ್ದಾರೆ. ಚಿತ್ರ ಬಿಡಿಸೋರು ಒಂದಾಗಬೇಕು ಅಷ್ಟೆ.

ಕೇಳ್ತಿರೋರಲ್ಲಿ ಯಾರಿಗಾದ್ರೂ ಚಿತ್ರ ಬರ್ತಿದ್ರೆ ನನ್ನದೊಂದು ಬೇಡಿಕೆ. ನಾಯಕಿ ಸಿರುಗುಪ್ಪ ಬಸ್ಸಲ್ಲಿ ನಿಂತ್ಕೊಂಡು ಹೋಗ್ಲಿ. ಹಿನ್ನೆಲೆಯಲ್ಲಿ ಚೆರ್ರಿ ಹೂವಿನ ಬದಲು ನಾಟಿ ಮಾಡಿದ ಗದ್ದೆ ಇರ್ಲಿ. ಅವಳು ಅವನಿಗೆ ಮೊದಲು ನೀವು ಅನ್ಲಿ. ಯಾವಾಗ ನೀನು ಅಂತಾಳೆ ಅಂತ ನಾವು ಕಾಯ್ತೀವಿ.

ನನ್ನ ಬಿ.ಎಡ್ ಕೊನೇ ಸೆಮಿಸ್ಟರ್ ನಡೀತಿದೆ. ಅಮ್ಮ ಕೆಳಗಿಂದ ಕೂಗ್ತಿದ್ದಾಳೆ. ‘ಸ್ಕಿಪ್ ಅಂಡ್ ಲೋಫರ್’ನ ಮುಂದಿನ ಭಾಗ ಹೇಳಬೇಕಂತೆ. ಮಿತ್ಸುಮಿ ಪರೀಕ್ಷೆ ಏನಾಯ್ತು ಅನ್ನೋದೇ ಅವಳ ಚಿಂತೆ, ಹುಡುಗನ ಬಗ್ಗೆ ಕೇಳಲೇ ಇಲ್ಲ. ಬರ್ತೀನಿ, ನಮಸ್ಕಾರ.